ಎಣ್ಣೆಯಿಲ್ಲದ ಅಡುಗೆಗೆ ಬಾಣಲೆ: ಮೊದಲು ತಳ ನೋಡಿ, ಆಮೇಲೆ ಲೇಪನ

ಎಣ್ಣೆ ಬಿಟ್ಟು ಅಡುಗೆ ಮಾಡಬೇಕೆಂದು ನಿರ್ಧರಿಸಿದವರು ಬಾಣಲೆ ಕೊಳ್ಳಲು ಹೋದಾಗ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಅಂಟುತ್ತದೆಯೋ ಇಲ್ಲವೋ? ಬಹುಕಾಲ ಒಲೆಯ ಮುಂದೆ ನಿಂತವಳಾಗಿ ನಾನು ಮೊದಲು ವಿಚಾರಿಸುವುದು ತಳದ ದಪ್ಪವನ್ನು. ಎಣ್ಣೆಯು ಪದಾರ್ಥ ಅಂಟದಂತೆ ತಡೆಯುವುದರ ಜೊತೆಗೆ, ಪದಾರ್ಥಕ್ಕೂ ಲೋಹಕ್ಕೂ ನಡುವೆ ಉಳಿಯುವ ಸಣ್ಣ ಸಂದುಗಳನ್ನು ತುಂಬಿ ಕಾವನ್ನು ಎಲ್ಲೆಡೆ ತಲುಪಿಸುತ್ತದೆ. ಅದನ್ನು ತೆಗೆದುಬಿಟ್ಟರೆ ಲೋಹ ತಾಗಿದ ಕಡೆ ಸೀದು, ತಾಗದ ಕಡೆ ಹಸಿಯಾಗಿಯೇ ಉಳಿಯುತ್ತದೆ. ತಳ ತೆಳುವಾಗಿದ್ದರಂತೂ ಉರಿ ನೇರವಾಗಿ ಬಡಿಯುವ ಭಾಗ ಮಾತ್ರ ಕಾದು, ಎಂಥ ಒಳ್ಳೆಯ ಲೇಪನವಿದ್ದರೂ ಅಡುಗೆ ತಳ ಹಿಡಿಯುತ್ತದೆ.

ಅಲ್ಯೂಮಿನಿಯಂ ಕಾವನ್ನು ಬೇಗ ಹರಡುತ್ತದೆ. ಎರಕದ ಕಬ್ಬಿಣ ಅದಕ್ಕಿಂತ ಹಲವು ಪಟ್ಟು ನಿಧಾನ, ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ನಿಧಾನ. ಆದ್ದರಿಂದ ಬರೀ ಸ್ಟೀಲಿನ ಒಂಟಿ ಪದರದ ಬಾಣಲೆ ಈ ಕೆಲಸಕ್ಕೆ ಬೇಡವೇ ಬೇಡ; ಸ್ಟೀಲೇ ಬೇಕೆಂದರೆ ನಡುವೆ ಅಲ್ಯೂಮಿನಿಯಂ ಪದರವಿರುವುದನ್ನು ಆರಿಸಬೇಕು, ಆ ಪದರ ತಳಕ್ಕಷ್ಟೇ ನಿಲ್ಲದೆ ಅಂಚಿನವರೆಗೂ ಹಬ್ಬಿದ್ದರೆ ಇನ್ನೂ ಮೇಲು. ಲೇಪನವಿರುವ ಅಲ್ಯೂಮಿನಿಯಂ ಬಾಣಲೆಯಾದರೆ ತಳ 3 ಮಿ.ಮೀ.ಗಿಂತ ಕಡಿಮೆ ಇರಬಾರದು, 4 ಅಥವಾ 5 ಇದ್ದರೆ ನೆಮ್ಮದಿ. ಅಂಗಡಿಯಲ್ಲೇ ಬಾಣಲೆಯನ್ನು ಕವುಚಿ ತಳಕ್ಕೆ ಒಂದು ಅಳತೆಪಟ್ಟಿಯನ್ನು ಅಡ್ಡವಾಗಿಟ್ಟು ನೋಡಿದರೆ ಅದು ಉಬ್ಬಿದೆಯೇ ಎಂಬುದು ಗೊತ್ತಾಗುತ್ತದೆ. ಇಂಡಕ್ಷನ್ ಒಲೆಯಿದ್ದವರು ಜೊತೆಗೊಂದು ಅಯಸ್ಕಾಂತವನ್ನೂ ಒಯ್ಯಬೇಕು, ಅದು ತಳಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳದಿದ್ದರೆ ಆ ಬಾಣಲೆ ನಿಮ್ಮ ಒಲೆಯ ಮೇಲೆ ಕಾಯುವುದಿಲ್ಲ.

ಮನೆಯಲ್ಲಿರುವ ಲೇಪನವಿಲ್ಲದ ಬಾಣಲೆಯ ಗುಣವನ್ನು ತಿಳಿಯಲು ಹಿಟ್ಟಿನ ಪರೀಕ್ಷೆ ಸಾಕು. ಒಣಗಿದ ಬಾಣಲೆಯಲ್ಲಿ ಗೋಧಿ ಹಿಟ್ಟನ್ನು ತೆಳ್ಳಗೆ, ಸಮನಾಗಿ ಉದುರಿಸಿ ಮಧ್ಯಮ ಉರಿಯ ಮೇಲಿಟ್ಟು, ಕೈಯಾಡಿಸದೆ ಗಮನಿಸಿ. ಹಿಟ್ಟು ಎಲ್ಲಿ ಮೊದಲು ಕಂದಾಗುತ್ತದೆಯೋ ಅಲ್ಲೇ ನಿಮ್ಮ ಅಡುಗೆಯೂ ಮೊದಲು ಸೀಯುವುದು; ನಡುವೆ ಒಂದು ಉಂಗುರ ಕರಕಲಾಗುವಾಗ ಅಂಚು ಬೆಳ್ಳಗೇ ಉಳಿದರೆ ಆ ಪಾತ್ರೆಯನ್ನು ನೀರು ಕಾಯಿಸಲು ಇಟ್ಟುಕೊಳ್ಳುವುದು ಒಳಿತು.

ಇನ್ನು ಲೇಪನ. ಟೆಫ್ಲಾನ್ ಎಂದು ನಾವು ಕರೆಯುವ ಪದಾರ್ಥ 1938ರಲ್ಲಿ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ದೊರೆತದ್ದು, ಬಾಣಲೆಗೆ ಬಂದದ್ದು 1950ರ ದಶಕದಲ್ಲಿ. ಎಣ್ಣೆಯಿಲ್ಲದೆ ಮೊಟ್ಟೆ, ಮೀನು ಬೇಯಿಸಲು ಇದಕ್ಕಿಂತ ಸುಲಭವಾದದ್ದು ಇಂದಿಗೂ ಇಲ್ಲ. ಆದರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪನ ಹಾಳಾಗತೊಡಗುತ್ತದೆ, 350ರ ಆಚೆ ಅದರಿಂದ ಹೊರಡುವ ಹೊಗೆ ಮನುಷ್ಯರಿಗೆ ಜ್ವರ ತರಿಸಬಲ್ಲದು, ಪಂಜರದ ಹಕ್ಕಿಯ ಪ್ರಾಣವನ್ನೇ ತೆಗೆಯಬಲ್ಲದು. ಎಣ್ಣೆ ಹಾಕಿದ ಬಾಣಲೆ ಮಿತಿಮೀರಿ ಕಾದರೆ ಎಣ್ಣೆಯೇ ಹೊಗೆಯಾಡಿ ಎಚ್ಚರಿಸುತ್ತದೆ, ಒಣ ಬಾಣಲೆಗೆ ಆ ಬಾಯಿಯಿಲ್ಲ. ಜೋರು ಉರಿಯಲ್ಲಿ ಖಾಲಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಅದು ಆ ಮಟ್ಟ ಮುಟ್ಟುತ್ತದೆ. ಆದ್ದರಿಂದ ಇದನ್ನು ಕೊಳ್ಳುವವರು ಪದಾರ್ಥ ಕೈಗೆ ಸಿದ್ಧವಾದ ಮೇಲೆಯೇ ಒಲೆ ಹೊತ್ತಿಸಬೇಕು, ಉರಿಯನ್ನು ಮಧ್ಯಮಕ್ಕಿಂತ ಮೇಲೇರಿಸಬಾರದು.

ಸೆರಾಮಿಕ್ ಎಂದು ಮಾರುವ ಬಾಣಲೆಗಳ ಮೇಲಿರುವುದು ಸಿಲಿಕಾ ಆಧಾರಿತ ತೆಳು ಲೇಪನ. ಅದು ಹೆಚ್ಚು ಕಾವನ್ನು ತಡೆಯುತ್ತದೆ, ಹೊಸದರಲ್ಲಿ ಬಹಳ ನುಣುಪು. ಆದರೆ ಆ ನುಣುಪು ಟೆಫ್ಲಾನಿಗಿಂತ ಬೇಗ ಹೋಗುತ್ತದೆ. ಎರಕದ ಕಬ್ಬಿಣದ ವಿಷಯದಲ್ಲಿ ನನಗೆ ಪ್ರೀತಿಯಿದ್ದರೂ ಒಂದು ಮಾತು ಹೇಳಲೇಬೇಕು: ಅದು ಅಂಟದಿರುವುದು ಕಾದು ಗಟ್ಟಿಯಾದ ಎಣ್ಣೆಯ ಪದರದಿಂದಲೇ, ಆ ಪದರವನ್ನು ಆಗಾಗ ಎಣ್ಣೆ ಸವರಿ ಕಾಯಿಸಿ ಉಳಿಸಿಕೊಳ್ಳಬೇಕು. ತಟ್ಟೆಗೆ ಎಣ್ಣೆ ಬರಬಾರದು ಎನ್ನುವವರಿಗೆ ಅಡ್ಡಿಯಿಲ್ಲ, ಮನೆಯಲ್ಲೇ ಎಣ್ಣೆ ಬೇಡ ಎನ್ನುವವರಿಗೆ ಅದು ಒಗ್ಗದು.

ದಪ್ಪ ತಳದ ಸ್ಟೀಲಿನಲ್ಲಿ ತರಕಾರಿಯನ್ನು ಎಣ್ಣೆಯಿಲ್ಲದೆ ಬಾಡಿಸಬಹುದು. ಬಾಣಲೆ ಸಾಕಷ್ಟು ಕಾದಾಗ ಚಿಮುಕಿಸಿದ ನೀರು ತಕ್ಷಣ ಆವಿಯಾಗದೆ ಮುತ್ತಿನಂತೆ ಉರುಳಾಡುತ್ತದೆ. ಆಗ ಉರಿ ತಗ್ಗಿಸಿ ಈರುಳ್ಳಿ ಹಾಕಿ, ಅದು ಕಚ್ಚಿಕೊಂಡು ಕಂದು ಬಣ್ಣ ಬಿಟ್ಟ ಕೂಡಲೇ ಒಂದು ಚಮಚ ನೀರು ಹಾಕಿ ಸಟ್ಟುಗದಿಂದ ಕೆರೆದರೆ ಆ ಬಣ್ಣವೂ ರುಚಿಯೂ ಈರುಳ್ಳಿಗೇ ಬರುತ್ತವೆ. ಮೊಟ್ಟೆಯನ್ನು ಮಾತ್ರ ಇದರಲ್ಲಿ ಪ್ರಯತ್ನಿಸಬೇಡಿ.

ಸರಿಯಾಗಿ ಕೂರುವ ಮುಚ್ಚಳವಿಲ್ಲದ ಬಾಣಲೆಯನ್ನು ನಾನು ಕೊಳ್ಳುವುದೇ ಇಲ್ಲ. ಎಣ್ಣೆ ಮಾಡುತ್ತಿದ್ದ ಕೆಲಸದ ಅರ್ಧವನ್ನು ಹಬೆ ಮಾಡಬೇಕು, ಹಬೆ ನಿಲ್ಲಬೇಕಾದರೆ ಮುಚ್ಚಳ ಬೇಕು. ಸಟ್ಟುಗ ಮರದ್ದೋ ಸಿಲಿಕೋನಿನದೋ ಇರಲಿ. ಬಿಸಿ ಬಾಣಲೆಗೆ ತಣ್ಣೀರು ಸುರಿದರೆ ತಳ ಸೊಟ್ಟಗಾಗುತ್ತದೆ, ಆರಿದ ಮೇಲೆಯೇ ತೊಳೆಯಿರಿ. ಅಂಟದಿರಲಿ ಎಂದು ಡಬ್ಬಿಯ ಸ್ಪ್ರೇ ಬಳಸುವವರಿದ್ದಾರೆ. ಅದೂ ಹೆಚ್ಚಾಗಿ ಎಣ್ಣೆಯೇ, ಸಾಲದ್ದಕ್ಕೆ ಅದರಲ್ಲಿನ ಲೆಸಿಥಿನ್ ಲೇಪನದ ಮೇಲೆ ಜಿಗುಟು ಪದರವಾಗಿ ಉಳಿದು, ತೊಳೆದರೂ ಹೋಗದೆ, ಇದ್ದ ನುಣುಪನ್ನೂ ಕೆಡಿಸುತ್ತದೆ.