ಬೌದ್ಧ ದಾರಿ, ದಾವ್ ದಾರಿ: ಎರಡನ್ನೂ ನಡೆದು ನೋಡಿದ ನನ್ನ ಅನುಭವ

ಬೌದ್ಧ ದಾರಿ, ಚೀನಾದ ಹಳೆಯ ದಾವ್ ದಾರಿ ಎರಡೂ ಕೊನೆಗೆ ಒಂದೇ ಅಂತ ತುಂಬ ಜನ ಹೇಳುತ್ತಾರೆ. ದಿನಾ ಅಭ್ಯಾಸ ಮಾಡಿದರೆ ಹಾಗನ್ನಿಸುವುದಿಲ್ಲ. ನಾನು ಕೆಲವು ತಿಂಗಳು ಬೌದ್ಧ ಅಭ್ಯಾಸ ಮಾತ್ರ ಮಾಡಿದೆ, ಆಮೇಲೆ ದಾವ್ ಮಾತ್ರ. ಬೆರೆಸಿಬಿಟ್ಟರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ, ಅಲ್ವಾ?

ಬೌದ್ಧ ದಾರಿಯಲ್ಲಿ ಶುರು ಮಾಡುವುದು ಸುಲಭ, ಏಕೆಂದರೆ ಏನು ಮಾಡಬೇಕು ಅಂತ ಬರೆದಿದೆ. ಉಸಿರನ್ನು ಗಮನಿಸುವುದರ ಬಗ್ಗೆ ಬುದ್ಧನ ಉಪದೇಶವಾದ ಆನಾಪಾನಸತಿ ಸುತ್ತದಲ್ಲಿ 16 ಹೆಜ್ಜೆಗಳಿವೆ. ಉಸಿರು ಉದ್ದವಿದ್ದರೆ ಉದ್ದ ಅಂತ ತಿಳಿಯುವುದು ಮೊದಲನೆಯದು, ಗಿಡ್ಡವಿದ್ದರೆ ಗಿಡ್ಡ ಅಂತ ತಿಳಿಯುವುದು ಎರಡನೆಯದು. ನಾನು ಬಹುಕಾಲ ಈ ಎರಡರಲ್ಲೇ ಇದ್ದೆ. ಅವಸರವೇನೂ ಇರಲಿಲ್ಲ.

ಆದರೆ ಕೂರುವುದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಮಾತಿನ ನಿಯಮ. ಸುಳ್ಳು, ಚಾಡಿ, ಒರಟು ಮಾತು, ಹರಟೆ, ನಾಲ್ಕನ್ನೂ ಬಿಡಬೇಕು. ಮೊದಲ ಮೂರು ಹೇಗೋ ನಡೆಯುತ್ತವೆ. ಹರಟೆ ಬಿಡಲು ಹೋದಾಗಲೇ ಗೊತ್ತಾಗಿದ್ದು, ನನ್ನ ಅರ್ಧ ಮಾತು ಸುಮ್ನೆ ಆಡುವುದು ಅಂತ. ಸಿಟ್ಟಿನ ವಿಷಯದಲ್ಲೂ, ಮೈ ಮನಸ್ಸನ್ನು ಗಮನಿಸಲು ಕಲಿಸುವ ಸತಿಪಟ್ಠಾನ ಸುತ್ತದ ಸೂಚನೆ ನೇರವಾಗಿದೆ: ಮನಸ್ಸಿನಲ್ಲಿ ದ್ವೇಷವಿದ್ದರೆ, ಇದೆ ಅಂತ ತಿಳಿ. ಅಷ್ಟೇ. ಎದೆ ಬಿಸಿಯಾಗುವುದು ಬಾಯಿ ತೆರೆಯುವ ಮೊದಲೇ ಕಾಣತೊಡಗಿತು. ಸಿಟ್ಟು ಕಡಿಮೆಯಾಯಿತು ಅಂತ ಹೇಳಲಾರೆ, ತಡವಾಗಿ ಹೊರಬರುವಂತಾಯಿತು.

ದಾವ್ ಕಡೆ ಹೋದರೆ ಕೈಪಿಡಿಯೇ ಇಲ್ಲ. ದಾವ್ ದಾರಿಯ ಮೂಲ ಗ್ರಂಥ, ಲಾವೋಜಿಯ ಹೆಸರಿನಲ್ಲಿರುವ ದಾವ್ ದ ಜಿಂಗ್‌ನ 81 ಅಧ್ಯಾಯಗಳಲ್ಲಿ ಹೇಗೆ ಕೂರಬೇಕು ಅಂತ ಕ್ರಮವಾಗಿ ಹೇಳುವ ಒಂದು ಅಧ್ಯಾಯವೂ ಇಲ್ಲ. ಕುಳಿತಲ್ಲೇ ತನ್ನನ್ನು ಮರೆಯುವುದರ ಬಗ್ಗೆ, ಝುವಾಂಗ್‌ಜಿ ಎಂಬ ಇನ್ನೊಬ್ಬ ದಾವ್ ಚಿಂತಕನ ಹೆಸರಿನದೇ ಪುಸ್ತಕದಲ್ಲಿ ಮಾತು ಬರುತ್ತದೆ, ಹೆಜ್ಜೆಗಳು ಬರುವುದಿಲ್ಲ. ನಂತರದ ದಾವ್ ಪರಂಪರೆಗಳಲ್ಲಿ ಉಸಿರಿನ, ಮೈಯ ಸಾಧನೆಗಳಿವೆ. ಅವು ಗುರುವಿನ ಹತ್ತಿರ ಕಲಿಯುವಂಥವು, ನಾನು ಮುಟ್ಟಲಿಲ್ಲ. ಹಾಗಾಗಿ ಅಭ್ಯಾಸಕ್ಕೆ ಉಳಿದಿದ್ದು ದಿನದ ಕೆಲಸ.

ಝುವಾಂಗ್‌ಜಿಯಲ್ಲಿ ಡಿಂಗ್ ಎಂಬ ಅಡುಗೆಯವನ ಕಥೆಯಿದೆ. ಎತ್ತನ್ನು ಕತ್ತರಿಸುವಾಗ ಅವನು ಮೂಳೆಗಳ ಸಂದಿಯಲ್ಲೇ ಕತ್ತಿ ಆಡಿಸುವುದರಿಂದ 19 ವರ್ಷವಾದರೂ ಅದರ ಅಲಗು ಹೊಸದರಂತಿದೆ. ಎಲ್ಲರಿಗೂ ನೆನಪಿರುವುದು ಇಷ್ಟೇ. ತೊಡಕಿನ ಗಂಟು ಬಂದಾಗ ಅವನು ನಿಧಾನಿಸುತ್ತಾನೆ, ಕಣ್ಣು ನೆಟ್ಟು ಕತ್ತಿಯನ್ನು ತುಸುವೇ ಆಡಿಸುತ್ತಾನೆ. ನನಗೆ ಬೇಕಾಗಿದ್ದು ಈ ಭಾಗ. ದಾವ್ ಅಂದರೆ ಕೈಕಟ್ಟಿ ಕೂರುವುದು ಎನ್ನುವವರು ಇದನ್ನು ಓದಿರಲಿಕ್ಕಿಲ್ಲ.

ಕೆಲಸದಲ್ಲಿ ಜೊತೆಯವರ ಪ್ರತಿ ಪ್ರಶ್ನೆಗೂ ತಕ್ಷಣ ಉತ್ತರ ಕೊಡುವುದು ನನ್ನ ಚಾಳಿಯಾಗಿತ್ತು. ಅದನ್ನು ನಿಲ್ಲಿಸಿದೆ. ಎಷ್ಟೋ ವಿಷಯಗಳು ನಾನಿಲ್ಲದೇ ಬಗೆಹರಿದವು. ಕೆಲವು ನಿಜಕ್ಕೂ ಸಿಕ್ಕಿಕೊಂಡವು, ಅಲ್ಲಿ ಮಾತ್ರ ನಿಧಾನವಾಗಿ ಕೈಹಾಕಿದೆ. ಬೌದ್ಧ ಅಭ್ಯಾಸ ಇದನ್ನು ನನಗೆ ಕಲಿಸಿರಲಿಲ್ಲ. ಅದು ನನ್ನ ಮನಸ್ಸನ್ನು ತೋರಿಸಿತ್ತು, ನನ್ನ ಮೂಗು ತೂರಿಸುವಿಕೆಯನ್ನಲ್ಲ.

ಬೌದ್ಧ ದಾರಿ ಬಿಗಿ, ದಾವ್ ಸಡಿಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಾಲು ಒಡೆಯುವಷ್ಟು ನಡೆದು ಸಾಧನೆ ಮಾಡುತ್ತಿದ್ದ ಸೋಣ ಎಂಬ ಭಿಕ್ಷುವಿಗೆ, ವೀಣೆಯ ತಂತಿ ತೀರ ಬಿಗಿಯೂ ಬೇಡ, ತೀರ ಸಡಿಲವೂ ಬೇಡ ಅಂತ ಬುದ್ಧನೇ ಹೇಳಿದ್ದಾನೆ.

ನಿಜವಾದ ಬೇರೆತನ ಕಂಡಿದ್ದು ಸಾವಿನ ಎದುರು. ಮುಪ್ಪು, ರೋಗ, ಸಾವು ತಪ್ಪಿದ್ದಲ್ಲ, ಪ್ರಿಯವಾದುದೆಲ್ಲ ಅಗಲುತ್ತದೆ ಅಂತ ದಿನಾ ನೆನೆಯುವ ಬೌದ್ಧ ಅಭ್ಯಾಸವಿದೆ. ನಾನೂ ನೆನೆಯುತ್ತಿದ್ದೆ. ಹತ್ತಿರದವರೊಬ್ಬರು ತೀರಿಕೊಂಡಾಗ ಆ ಸಾಲುಗಳು ಒಣಗಿದಂತೆ ಅನ್ನಿಸಿದವು. ಹೆಂಡತಿ ಸತ್ತಾಗ ಝುವಾಂಗ್‌ಜಿ ಪಾತ್ರೆ ಬಡಿಯುತ್ತ ಹಾಡುತ್ತಿದ್ದ ಕಥೆ ನೆನಪಾಯಿತು. ಗೆಳೆಯ ಗದರಿದಾಗ ಅವನು ಹೇಳುವುದು, ಮೊದಲು ನನಗೂ ದುಃಖವಾಯಿತು ಅಂತ. ಹುಟ್ಟು ಸಾವು ಋತುಗಳಂತೆ ಬಂದುಹೋಗುತ್ತವೆ ಎಂಬ ಮಾತು ಆಮೇಲೆ ಬರುತ್ತದೆ. ಆ ಮೊದಲ ಮಾತು ನನಗೆ ಸಾಕಾಗಿತ್ತು.

ಹೊಸಬರು ಕೇಳಿದರೆ ಬೌದ್ಧ ದಾರಿಯಿಂದ ಶುರು ಮಾಡಿ ಅನ್ನುತ್ತೇನೆ, ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ಅಲ್ಲಿದೆ. ನಾನೀಗ ಬೆಳಿಗ್ಗೆ ಉಸಿರಿನ ಜೊತೆ ಕೂರುತ್ತೇನೆ. ಕೆಲಸದ ಹೊತ್ತಿನಲ್ಲಿ ಡಿಂಗ್ ಜಾಸ್ತಿ ನೆನಪಾಗುತ್ತಾನೆ.