ಆಲ್‌ಪ್ರಜೋಲಾಮ್ ಮಾತ್ರೆ: ಶುರು ಮಾಡುವ ದಿನವೇ ನಿಲ್ಲಿಸುವ ಬಗೆಯನ್ನೂ ಕೇಳಿಕೊಳ್ಳಿ

ಆತಂಕಕ್ಕೆಂದು ವೈದ್ಯರು ಆಲ್‌ಪ್ರಜೋಲಾಮ್ ಬರೆದುಕೊಟ್ಟಾಗ ನಮ್ಮಲ್ಲಿ ಹೆಚ್ಚಿನವರು ಕೇಳುವುದು ಅದನ್ನು ಊಟಕ್ಕೆ ಮೊದಲು ನುಂಗಬೇಕೋ ಆಮೇಲೋ ಎಂದು. ನಿಜಕ್ಕೂ ಕೇಳಬೇಕಾದದ್ದು ಇದನ್ನು ಎಷ್ಟು ದಿನ ತೆಗೆದುಕೊಳ್ಳಬೇಕು, ಬಿಡುವಾಗ ಹೇಗೆ ಬಿಡಬೇಕು ಎಂಬುದನ್ನು. ಬೆಂಜೋಡಯಾಜೆಪೀನ್ ಗುಂಪಿನ ಈ ಔಷಧ ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತದೆ. ಒಂದೆರಡು ಗಂಟೆಯೊಳಗೆ ಎದೆಬಡಿತ, ನಡುಕ, ಚಡಪಡಿಕೆ ಇಳಿಯುತ್ತವೆ. ಇಷ್ಟು ಬೇಗ ಸಿಗುವ ನೆಮ್ಮದಿಗೆ ದೇಹವೂ ಬೇಗ ಒಗ್ಗಿಕೊಳ್ಳುತ್ತದೆ. ಎಸ್ಸಿಟಲೋಪ್ರಾಮ್‌ನಂತಹ ಆತಂಕ, ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಲು ಕೆಲವು ವಾರ ಹಿಡಿಯುವುದರಿಂದ, ಆ ನಡುವಿನ ಅವಧಿಗೆ ಮಾತ್ರ ಇದನ್ನು ಕೊಡುವುದುಂಟು. ಆ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ.

ಆಲ್‌ಪ್ರಜೋಲಾಮ್ ಭಾರತದಲ್ಲಿ 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಅಂಗಡಿಯವರು ಚೀಟಿ ನೋಡಿಯೇ ಕೊಡಬೇಕು, ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಪರಿಚಯದ ಸಲುಗೆಯಿಂದ ಚೀಟಿಯಿಲ್ಲದೆ ಸಿಕ್ಕಿತೆಂದರೆ ಅದು ಉಪಕಾರವಲ್ಲ. ಅಂಗಡಿಯಲ್ಲಿ ಕತ್ತರಿಯಿಂದ ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟಾಗ ಔಷಧದ ಹೆಸರು, ಪ್ರಮಾಣ, ಅವಧಿ ಮುಗಿಯುವ ತಿಂಗಳು ಇನ್ನೊಂದು ತುಂಡಿನಲ್ಲಿ ಉಳಿದುಬಿಡುತ್ತವೆ. 0.25 ಮಿಲಿಗ್ರಾಂ ಬದಲು 0.5 ಬಂದರೆ ಪ್ರಮಾಣ ಇಮ್ಮಡಿಯಾದಂತೆ. ಆದ್ದರಿಂದ ಮುದ್ರಿತ ಹೆಸರಿರುವ ಭಾಗವನ್ನೇ ಕೇಳಿ ಪಡೆಯಿರಿ.

ಸ್ಟ್ರಿಪ್‌ನ ದಪ್ಪಕ್ಷರದ ಬ್ರ್ಯಾಂಡ್ ಹೆಸರಿಗಿಂತ ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ಓದುವುದು ಒಳ್ಳೆಯದು. ಎಸ್ಸಿಟಲೋಪ್ರಾಮ್ ಜೊತೆ ಕ್ಲೋನಜೆಪಾಮ್ ಬೆರೆಸಿದ ಮಾತ್ರೆಗಳಿವೆ. ಹೊಟ್ಟೆಯ ತೊಂದರೆಗೆಂದು ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಇರುತ್ತದೆ. ಕ್ಲೋನಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಎರಡೂ ಆಲ್‌ಪ್ರಜೋಲಾಮ್‌ನ ಗುಂಪಿನವೇ. ಒಬ್ಬ ವೈದ್ಯರು ಆತಂಕಕ್ಕೆ, ಇನ್ನೊಬ್ಬರು ಹೊಟ್ಟೆಗೆ ಎಂದು ಬರೆದುಕೊಟ್ಟಾಗ ಒಂದೇ ಬಗೆಯ ಔಷಧ ಎರಡು ದಾರಿಯಿಂದ ದೇಹ ಸೇರುತ್ತದೆ. ಎದೆಬಡಿತ ತಗ್ಗಿಸುವ ಪ್ರೊಪ್ರಾನಲಾಲ್ ಬೆರೆತ ಆಲ್‌ಪ್ರಜೋಲಾಮ್ ಸಹ ಸಿಗುತ್ತದೆ. ಅದು ಆಸ್ತಮಾ ಇರುವವರಿಗೆ ಸಲ್ಲದು.

ಮೊದಲ ದಿನಗಳಲ್ಲಿ ತೂಕಡಿಕೆ, ತಲೆಸುತ್ತು, ಹೆಜ್ಜೆ ತಪ್ಪುವುದು, ಬಾಯಿ ಒಣಗುವುದು, ಮಾತು ತೊದಲುವುದು, ಹಿಂದಿನ ಸಂಜೆ ಆಡಿದ ಮಾತೇ ಮರೆಯುವುದು ಕಾಣಿಸಬಹುದು. ಔಷಧ ತನಗೆ ಹೇಗೆ ನಾಟುತ್ತದೆಂದು ತಿಳಿಯುವವರೆಗೆ ಬೈಕು, ಕಾರು ಓಡಿಸಬಾರದು. ಆರೋಗ್ಯವಂತ ವಯಸ್ಕರಲ್ಲೂ ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯಲು ಸುಮಾರು 11 ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ರಾತ್ರಿ ನುಂಗಿದ ಮಾತ್ರೆಯ ಮಂಪರು ಬೆಳಗಿನವರೆಗೂ ಉಳಿಯುವುದು ಇದರಿಂದಲೇ. ಮನೆಯ ಹಿರಿಯರು ನಡುರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯವಿರುವುದರಿಂದ, ದಾರಿಯಲ್ಲಿ ಸಣ್ಣ ದೀಪ ಉರಿಯಲಿ, ಚಾಪೆ, ಕಾಲೊರೆಸುಗಳನ್ನು ಸರಿಸಿಡಿ. ಅಪರೂಪಕ್ಕೆ ಶಾಂತಿಯ ಬದಲು ಸಿಡುಕು, ಆಕ್ರೋಶ ಕೆರಳುತ್ತದೆ. ಆಗ ಕೂಡಲೇ ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರು, ಹಾಲೂಡಿಸುವವರು, ಉಸಿರಾಟದ ಕಾಯಿಲೆ ಅಥವಾ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ಅದನ್ನು ಮೊದಲೇ ಹೇಳಬೇಕು.

ಮದ್ಯದ ಜೊತೆ ಇದನ್ನು ಯಾವ ಪ್ರಮಾಣದಲ್ಲೂ ಸೇರಿಸಬಾರದು. ಟ್ರಮಡಾಲ್‌ನಂತಹ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಸೇರಿದರೆ ಉಸಿರಾಟವೇ ಕುಂದಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಈ ಬೆರಕೆಗೆ ತನ್ನ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಲೇಬಲ್ಲಿನಲ್ಲಿ ಕಡ್ಡಾಯಗೊಳಿಸಿತು. ಇದಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಚರ್ಮದ ಔಷಧ. ಹುಳುಕಡ್ಡಿಗೆ ನಮ್ಮಲ್ಲಿ ವಾರಗಟ್ಟಲೆ ಕೊಡುವ ಇಟ್ರಾಕೊನಜೋಲ್, ಆಲ್‌ಪ್ರಜೋಲಾಮ್ ಅನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನೇ ತಡೆಯುತ್ತದೆ; ಅದೇ ಮಾತ್ರೆ, ಅದೇ ಪ್ರಮಾಣ, ಆದರೆ ರಕ್ತದಲ್ಲಿ ಮಟ್ಟ ಏರುತ್ತದೆ. ಇವೆರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ಕಜ್ಜಿಗೂ ಮನಸ್ಸಿನ ಮಾತ್ರೆಗೂ ಏನು ಸಂಬಂಧವೆಂದು ಸಂಕೋಚಪಡದೆ ಚರ್ಮದ ವೈದ್ಯರಿಗೂ ಇದನ್ನು ಹೇಳಲೇಬೇಕು.

ಕೆಲವು ವಾರ ನಿತ್ಯ ತೆಗೆದುಕೊಂಡವರು, ಗುಣವಾಯಿತೆಂದೋ ಮಾತ್ರೆ ಮುಗಿಯಿತೆಂದೋ ಒಮ್ಮೆಲೇ ನಿಲ್ಲಿಸಬಾರದು. ಮೊದಲಿಗಿಂತ ಹೆಚ್ಚಿನ ಆತಂಕ, ನಿದ್ದೆಗೇಡು, ಕೈನಡುಕ, ಬೆವರು ಬರಬಹುದು. ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಇದನ್ನು ಹಳೆಯ ಕಾಯಿಲೆ ಮರಳಿತೆಂದು ತಿಳಿದು ಮತ್ತೆ ಹೆಚ್ಚು ಮಾತ್ರೆ ನುಂಗುವವರೂ ಉಂಟು. ಎಷ್ಟು ದಿನಕ್ಕೊಮ್ಮೆ ಎಷ್ಟು ಇಳಿಸಬೇಕೆಂಬುದನ್ನು ವೈದ್ಯರೇ ಗೊತ್ತುಮಾಡಬೇಕು, ದೀರ್ಘಕಾಲ ಬಳಸಿದವರಿಗೆ ಅದು ತಿಂಗಳುಗಳ ಕೆಲಸ. ನಿಧಾನವಾಗಿ ಬಿಡುಗಡೆಯಾಗುವ ಎಸ್‌ಆರ್ ಮಾತ್ರೆಯನ್ನು ಜಜ್ಜಿ ಅಥವಾ ಅಗಿದು ನುಂಗಬಾರದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದೂ ಬೇಡ. ಕೊಲ್ಲಿಗೆ ಹೊರಟ ಮಂಗಳೂರು, ಭಟ್ಕಳದ ಕಡೆಯವರಿಗೆ ಒಂದು ಮಾತು: ಯುಎಇಯಲ್ಲಿ ಇಂತಹ ಔಷಧಗಳಿಗೆ ಮುಂಚಿತ ಅನುಮತಿ ಬೇಕು, ಚೀಟಿಯೊಂದಿದ್ದರೆ ಸಾಲದು.

ಮನಸ್ಸಿನ ತಳಮಳದ ಬಗ್ಗೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಉತ್ತರಿಸುತ್ತಾರೆ. ಆದರೆ ಮಾತ್ರೆ ನುಂಗಿದವರು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಗಟ್ಟಿದ್ದರೆ 108ಕ್ಕೆ ಕರೆಮಾಡಿ, ಮಗ್ಗುಲಾಗಿ ಮಲಗಿಸಿ. ಕಾಫಿ ಕುಡಿಸುವುದು, ವಾಂತಿ ಮಾಡಿಸುವುದು ಬೇಡ. ಮನೆಯಲ್ಲಿ ಸಿಕ್ಕ ಎಲ್ಲ ಸ್ಟ್ರಿಪ್‌ಗಳನ್ನು, ಖಾಲಿಯಾದವನ್ನೂ ಸೇರಿಸಿ, ಆಸ್ಪತ್ರೆಗೆ ಒಯ್ಯಿರಿ. ಹೆಸರಿರುವ ತುಂಡು ಅಲ್ಲಿನ ವೈದ್ಯರಿಗೆ ಬೇಕಾಗುತ್ತದೆ.