ಅಜ್ಜಿಯ ಮಂಡಿನೋವು: ಮೂರು ಹೊತ್ತಿನ ಲೆಕ್ಕ ಕೈಹಿಡಿಯಿತು

"ನೋವು ಬಂದಾಗ ಮಾತ್ರ ನುಂಗಿ" ಅಂತ ಮಂಡಿನೋವಿಗೆ ಪ್ಯಾರಾಸಿಟಮಾಲ್ ಬರೆಯುವುದನ್ನು ನಾನು ಬಿಟ್ಟು, ಮೂರು ಹೊತ್ತೂ ಕೊಡಲು ಶುರುಮಾಡಿ ಎರಡು ಮಳೆಗಾಲ ಆಯಿತು. ಆಗ ಜೊತೆಯ ಡಾಕ್ಟರುಗಳು, "ಬರೀ ಪ್ಯಾರಾಸಿಟಮಾಲ್‌ಗೆ ಬಗ್ಗುವ ನೋವಾ ಅದು?" ಅಂದಿದ್ದರು.

ಸೋಮವಾರಪೇಟೆ ಕಡೆಯ ಅಜ್ಜಿ. ವಯಸ್ಸು 78, ತೂಕ 42 ಕಿಲೋ. ಮನೆ ಮೇಲೆ, ಗದ್ದೆ ಕೆಳಗೆ. ಮಳೆ ಹಿಡಿದರೆ ಮಂಡಿ ಮಡಚಲು ಆಗುತ್ತಿರಲಿಲ್ಲ. ವರ್ಷಗಟ್ಟಲೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ನುಂಗಿದ್ದರು. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.9ರ ಹತ್ತಿರ, ಬಿಪಿ ಹತೋಟಿಗೇ ಬರುತ್ತಿರಲಿಲ್ಲ.

ಮೊದಲು ನಾನೇ ಎಡವಿದೆ. ಇನ್ನೂ ಬಲವಾದ ನೋವಿನ ಮಾತ್ರೆ ಟ್ರಮಡಾಲ್ ಕೊಟ್ಟೆ: ವಾಂತಿ, ನಾಲ್ಕು ದಿನ ಮಲಬದ್ಧತೆ. ಆಮೇಲೆ ರಾತ್ರಿಗೆ ನರದ ನೋವಿನ ಮಾತ್ರೆ ಪ್ರೆಗಾಬಾಲಿನ್, 75 ಮಿಲಿಗ್ರಾಂ. ಕಿಡ್ನಿ ಸೋತವರಲ್ಲಿ ಅದು ಮೈಯಲ್ಲೇ ಉಳಿಯುತ್ತದೆ ಅಂತ ಗೊತ್ತಿದ್ದೂ ಡೋಸ್ ಇಳಿಸಲಿಲ್ಲ. ಮೂರನೇ ರಾತ್ರಿ ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬಿದ್ದರು. ಮೂಳೆ ಮುರಿಯಲಿಲ್ಲ, ಅದೇ ಪುಣ್ಯ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊನೆಗೆ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ, ದಿನಕ್ಕೆ ಮೂರು. ನೋವಿರಲಿ, ಬಿಡಲಿ. ಇಷ್ಟು ಹಗುರ ಮೈಗೆ ದಿನಕ್ಕೆ ಎರಡು ಗ್ರಾಂ ದಾಟಿಸುವುದಿಲ್ಲ. ಮೊದಲನೆಯದು ಎದ್ದ ಕೂಡಲೇ, ಇಳಿಜಾರಿಗೆ ಕಾಲಿಡುವ ಮುಕ್ಕಾಲು ಗಂಟೆ ಮೊದಲು. ಮಂಡಿಗೆ ಡೈಕ್ಲೋಫೆನಾಕ್ ಜೆಲ್. ಬಟಾಣಿಯಷ್ಟು ಸಾಲದು, ಮಂಡಿ ಪೂರ್ತಿ ಆವರಿಸಬೇಕು. ಅದು ರಕ್ತಕ್ಕೆ ಸೇರುವುದು ಕಡಿಮೆ, ಆದರೂ ಕ್ರಿಯಾಟಿನಿನ್ ನೋಡುತ್ತಲೇ ಇದ್ದೆ. ದಿನಾ ಹೆಂಡ ಕುಡಿಯುವವರಿಗೆ ಈ ಮಾತ್ರೆಯ ಲೆಕ್ಕ ಹಾಕಬೇಡಿ.

ಎರಡು ವಾರ ಏನೂ ಕಾಣಲಿಲ್ಲ. ಮಗ ಸಿಟ್ಟಾಗಿ ಅಂಗಡಿಯಿಂದ ಹಳೇ ಡೈಕ್ಲೋಫೆನಾಕ್ ಸ್ಟ್ರಿಪ್ಪನ್ನೇ ತಂದುಬಿಟ್ಟರು. ತಿರುಗಿಸಿ ನೋಡಿದರೆ ಅದರಲ್ಲೂ ಪ್ಯಾರಾಸಿಟಮಾಲ್ ಬೆರೆತಿದೆ! ಶೀತದ ಮಾತ್ರೆಯಲ್ಲೂ ಇರುತ್ತದೆ, ಅಲ್ವಾ? ಈಗ ಮನೆಯ ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಸುರಿಸಿ ನೋಡದೆ ಚೀಟಿ ಬರೆಯುವುದಿಲ್ಲ. ಆ ಸ್ಟ್ರಿಪ್ ಬಿಡಿಸಲು ಅಜ್ಜಿಗೆ ಹೇಳಿದ ಮಾತೊಂದಿದೆ, ಅದು ಇಲ್ಲಿ ಬೇಡ. ಎದುರು ಸಿಕ್ಕರೆ ಹೇಳುತ್ತೇನೆ.

ಖರ್ಚು? ತಿಂಗಳಿಗೆ ಮಾತ್ರೆ ಸುಮಾರು 200, ಜೆಲ್ 300ರ ಆಸುಪಾಸು. ಜನೌಷಧಿ ಅಂಗಡಿಯಲ್ಲಿ ಇನ್ನೂ ಕಡಿಮೆ. ಮೊದಲು ಅವರ ಮಾತ್ರೆಗೂ ಅದು ಕೆಡಿಸಿದ ಹೊಟ್ಟೆಗೂ ಸೇರಿ ಸಾವಿರ ದಾಟುತ್ತಿತ್ತು.

ನಡುವೆ ಬಿಸಿನೀರಿನ ಚೀಲವನ್ನೂ ನೋಡಿದೆ. ಮಳೆಗಾಲದ ಬೆಳಿಗ್ಗೆ ಚೆನ್ನಾಗಿ ಕೆಲಸ ಮಾಡಿತು. ಜೆಲ್ ಹಚ್ಚಿದ ಜಾಗಕ್ಕೆ ಮಾತ್ರ ಇಡಬಾರದು.

ಮೂರು ತಿಂಗಳಿಗೆ ಕ್ರಿಯಾಟಿನಿನ್ 1.4ಕ್ಕೆ ಇಳಿದ ನೆನಪು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮೊಮ್ಮಗನ ಕೈಹಿಡಿದು ಕದಿರು ತೆಗೆಯಲು ಗದ್ದೆಗಿಳಿದರು. ಆಮೇಲೆ ಹತ್ತು-ಹನ್ನೆರಡು ಜನಕ್ಕೆ ಇದನ್ನೇ ಮಾಡಿದ್ದೇನೆ. ಮೂವರಿಗೆ ನೋವು ಇಳಿಯಲಿಲ್ಲ. ಅವರನ್ನು ಮೂಳೆ ಡಾಕ್ಟರ ಹತ್ತಿರ ಕಳಿಸಿದೆ.